ಪೂಲ್ ಟೇಬಲ್ಲಿನ ಮುಂದೆ ಲೆಕ್ಕವೋ ಕಣ್ಣಳತೆಯೋ: ಗುರಿ ಹಿಡಿಯುವುದನ್ನು ಹಂತ ಹಂತವಾಗಿ ಕಲಿಯುವ ಬಗೆ

ಒಂಬತ್ತು ಅಡಿಯ ಪ್ರಮಾಣಿತ ಪೂಲ್ ಟೇಬಲ್ಲಿನ ಮೂಲೆ ಪಾಕೆಟ್ಟಿನ ಬಾಯಿ ಸುಮಾರು 4.5 ಇಂಚು, ಚೆಂಡಿನ ವ್ಯಾಸ 2.25 ಇಂಚು, ಅಂದರೆ 57.15 ಮಿಲಿಮೀಟರ್. ಬಾಯಿಯ ನಟ್ಟನಡುವೆ ಹೋಗುವ ಚೆಂಡಿಗೆ ಎರಡೂ ಪಕ್ಕದಲ್ಲಿ ಅರ್ಧರ್ಧ ಚೆಂಡಿನಷ್ಟು ಜಾಗ ಉಳಿಯುತ್ತದೆ ಎಂದರೆ ಕೇಳಲು ಧಾರಾಳವೆನಿಸುತ್ತದೆ. ಆದರೆ ಆ ಚೆಂಡು ಪಾಕೆಟ್ಟಿನಿಂದ 4 ಅಡಿ ದೂರದಲ್ಲಿದ್ದರೆ, ಅದರ ದಿಕ್ಕು ಅತ್ತಿತ್ತ 1.3 ಡಿಗ್ರಿಗಿಂತ ಹೆಚ್ಚು ತಪ್ಪುವಂತಿಲ್ಲ. ಅಷ್ಟು ನಿಖರವಾಗಿ ಅದು ಹೊರಡಬೇಕಾದರೆ, ನೇರ ಹೊಡೆತದಲ್ಲಿಯೂ, ನಾವು ಹೊಡೆಯುವ ಬಿಳಿ ಚೆಂಡು ಅದನ್ನು ತಾಕುವ ಕ್ಷಣದಲ್ಲಿ ತಾನಿರಬೇಕಾದ ಜಾಗದಿಂದ ಪಕ್ಕಕ್ಕೆ ಸುಮಾರು 1.3 ಮಿಲಿಮೀಟರ್ ಮಾತ್ರ ಸರಿದಿರಬಹುದು.

ಪೂಲ್ ಆಡುವವರ ನಡುವಿನ ಹಳೆಯ ಜಗಳವನ್ನು ಈ ಅಳತೆಯನ್ನು ಮುಂದಿಟ್ಟುಕೊಂಡೇ ನೋಡಬೇಕು. ಒಂದು ಪಕ್ಷದವರು ಗುರಿ ಹಿಡಿಯಲು ಪದ್ಧತಿ ಬೇಕು, ರೇಖೆ ಬೇಕು, ಲೆಕ್ಕ ಬೇಕು ಎನ್ನುತ್ತಾರೆ. ಇನ್ನೊಂದು ಪಕ್ಷದವರು ಸಾವಿರ ಸಲ ಹೊಡೆದರೆ ಕಣ್ಣೇ ಹೇಳುತ್ತದೆ, ಉಳಿದದ್ದೆಲ್ಲ ಬರೀ ಮಾತು ಎನ್ನುತ್ತಾರೆ. ನನ್ನ ಅನುಭವದಲ್ಲಿ ಇವೆರಡೂ ಒಂದೇ ಹೊಡೆತದ ಬೇರೆ ಬೇರೆ ಹೊತ್ತಿಗೆ ಸೇರಿದವು. ಲೆಕ್ಕ ನಿಂತಿರುವಾಗಿನ ಕೆಲಸ, ಕಣ್ಣಳತೆ ಆ ಲೆಕ್ಕವನ್ನು ಕೊನೆಯ ಮಿಲಿಮೀಟರಿಗೆ ಮುಟ್ಟಿಸುವ ಕೆಲಸ, ಮತ್ತು ಬಗ್ಗಿ ಕ್ಯೂ (ಹೊಡೆಯುವ ಕೋಲು) ಹಿಡಿದ ಮೇಲೆ ಎರಡಕ್ಕೂ ಅಲ್ಲಿ ಕೆಲಸವಿಲ್ಲ. ಮುಂದಿನ ಹಂತಗಳನ್ನು ಈ ಕ್ರಮದಲ್ಲಿಯೇ ಜೋಡಿಸಿದ್ದೇನೆ.

ಮೊದಲು ಕೈಯನ್ನು ಪರೀಕ್ಷಿಸಿಕೊಳ್ಳಿ

ಗುರಿಯ ಪದ್ಧತಿಯನ್ನು ಹುಡುಕಿಕೊಂಡು ಹೋಗುವವರಲ್ಲಿ ಬಹುಪಾಲು ಜನರ ತೊಂದರೆ ಗುರಿಯಲ್ಲಿ ಇರುವುದೇ ಇಲ್ಲ. ಕ್ಯೂ ನೇರವಾಗಿ ಹೋಗದಿದ್ದರೆ ಯಾವ ಪದ್ಧತಿಯೂ ಸುಳ್ಳಾಗುತ್ತದೆ, ಮತ್ತು ಆಟಗಾರ ವಾರಕ್ಕೊಂದು ಪದ್ಧತಿಯನ್ನು ಬದಲಿಸುತ್ತ ಹೋಗುತ್ತಾನೆ. ಆದ್ದರಿಂದ ಖಾಲಿ ಟೇಬಲ್ಲಿನಲ್ಲಿ ಬಿಳಿ ಚೆಂಡೊಂದನ್ನೇ ಟೇಬಲ್ಲಿನ ಉದ್ದದ ನಡುರೇಖೆಯ ಮೇಲೆ ಇಟ್ಟು, ಎದುರಿನ ಕುಶನ್ನಿಗೆ (ಟೇಬಲ್ಲಿನ ಅಂಚಿನ ಮೆತ್ತೆಗೆ) ಲಂಬವಾಗಿ, ಮಧ್ಯಮ ವೇಗದಲ್ಲಿ ಹೊಡೆಯಿರಿ. ಹೊಡೆದ ಮೇಲೆ ಕ್ಯೂವನ್ನು ಅಲ್ಲಿಯೇ ಬಿಡಿ, ಏಳಬೇಡಿ. ಹೊಡೆತ ನೇರವಾಗಿದ್ದರೆ ಚೆಂಡು ತಿರುಗಿ ಬಂದು ಕ್ಯೂವಿನ ತುದಿಯನ್ನೇ ತಾಕುತ್ತದೆ. ಹೋಗುವಾಗ ನೇರವಾಗಿ ಹೋಗಿ, ಕುಶನ್ನಿಗೆ ತಾಕಿದ ಮೇಲೆ ಪಕ್ಕಕ್ಕೆ ವಾಲಿದರೆ, ನೀವು ಚೆಂಡಿನ ನಡುವನ್ನು ಬಿಟ್ಟು ಪಕ್ಕಕ್ಕೆ ಹೊಡೆದು ತಿಳಿಯದೆ ಸೈಡ್ (ಪಕ್ಕಕ್ಕೆ ತಿರುಗುವ ಸುತ್ತು) ಹಾಕಿದ್ದೀರಿ ಎಂದರ್ಥ. ಹತ್ತರಲ್ಲಿ ಆರು ಏಳು ಸಲವಾದರೂ ಚೆಂಡು ತುದಿಯ ಹತ್ತಿರಕ್ಕೆ ಬರುವ ತನಕ ಗುರಿಯ ಮಾತೆತ್ತಬೇಡಿ. ಕಟ್ಟುನಿಟ್ಟು ಎನಿಸಬಹುದು, ಆದರೆ ಈ ಒಂದು ವಾರ ಮುಂದೆ ಆರು ತಿಂಗಳನ್ನು ಉಳಿಸುತ್ತದೆ.

ಇದೇ ಹೊತ್ತಿನಲ್ಲಿ ತಲೆಯ ಸ್ಥಾನವನ್ನೂ ನೋಡಿಕೊಳ್ಳಿ. ಕ್ಯೂವನ್ನು ದೂರದ ಪಾಕೆಟ್ಟಿನತ್ತ ಚಾಚಿಟ್ಟು, ಗದ್ದವನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಿ. ಒಂದು ಜಾಗದಲ್ಲಿ ಕ್ಯೂ ಪಾಕೆಟ್ಟಿನ ನಡುವಿಗೆ ನೇರವಾಗಿ ಕಾಣುತ್ತದೆ, ಉಳಿದೆಡೆಗಳಲ್ಲಿ ಓರೆಯಾಗಿ ಕಾಣುತ್ತದೆ. ಕೆಲವರಿಗೆ ಆ ಜಾಗ ಎರಡು ಕಣ್ಣುಗಳ ನಡುವೆ, ಕೆಲವರಿಗೆ ಒಂದು ಕಣ್ಣಿನ ಕೆಳಗೆ.

ಇಲ್ಲದ ಚೆಂಡನ್ನು ಕಾಣುವುದು

ಎಲ್ಲ ಪದ್ಧತಿಗಳ ಬೇರು ಘೋಸ್ಟ್ ಬಾಲ್, ಅಂದರೆ ಕಲ್ಪನೆಯ ಚೆಂಡು. ಗುರಿ ಚೆಂಡು ಪಾಕೆಟ್ಟಿಗೆ ಹೋಗಬೇಕಾದರೆ, ತಾಕುವ ಕ್ಷಣದಲ್ಲಿ ಬಿಳಿ ಚೆಂಡು ಪಾಕೆಟ್ಟಿನ ವಿರುದ್ಧ ದಿಕ್ಕಿನಲ್ಲಿ ಗುರಿ ಚೆಂಡಿಗೆ ಅಂಟಿಕೊಂಡಿರಬೇಕು. ಆ ಕ್ಷಣದಲ್ಲಿ ಎರಡು ಚೆಂಡುಗಳ ಕೇಂದ್ರಗಳ ನಡುವಿನ ದೂರ ಸರಿಯಾಗಿ ಒಂದು ಚೆಂಡಿನ ವ್ಯಾಸ. ಕಲ್ಪನೆಯ ಚೆಂಡಿನ ಕೇಂದ್ರದತ್ತ ಬಿಳಿ ಚೆಂಡನ್ನು ಕಳಿಸಿದರೆ ಸಾಕು. ಹೇಳುವುದಕ್ಕೆ ಇಷ್ಟೇ, ಆದರೆ ಹಸಿರು ಬಟ್ಟೆಯ ಮೇಲೆ ಇಲ್ಲದ ಚೆಂಡಿನ ಕೇಂದ್ರವನ್ನು ಕಾಣುವುದು ಆರಂಭದಲ್ಲಿ ಯಾರಿಂದಲೂ ಆಗುವುದಿಲ್ಲ.

ಅದಕ್ಕೊಂದು ಸುಲಭ ಉಪಾಯವಿದೆ. ಗಟ್ಟಿ ಕಾಗದದಿಂದ ಒಂದು ಬೆರಳಗಲದ ಪಟ್ಟಿಯನ್ನು 57 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿಕೊಳ್ಳಿ. ಅದರ ಒಂದು ತುದಿಯನ್ನು ಗುರಿ ಚೆಂಡು ಬಟ್ಟೆಯನ್ನು ತಾಕುವ ಬಿಂದುವಿಗೆ ಬರುವಂತೆ ಚೆಂಡಿನ ಅಡಿಗೆ ತೂರಿಸಿ, ಪಟ್ಟಿ ಪಾಕೆಟ್ಟಿನ ರೇಖೆಯಲ್ಲಿಯೇ ಹಿಂದಕ್ಕೆ ಚಾಚಿರುವಂತೆ ಹೊಂದಿಸಿ. ಪಟ್ಟಿಯ ಇನ್ನೊಂದು ತುದಿಯೇ ಕಲ್ಪನೆಯ ಚೆಂಡಿನ ಕೇಂದ್ರ. ಆ ತುದಿಯಲ್ಲಿ ಫೈಲಿನ ಕಾಗದದ ತೂತಿಗೆ ಅಂಟಿಸುವ ಬಿಳಿ ಬಳೆಯೊಂದನ್ನು ಅಂಟಿಸಿ, ಪಟ್ಟಿಯನ್ನು ತೆಗೆದುಬಿಡಿ. ಈಗ ಬಿಳಿ ಚೆಂಡನ್ನು ಆ ಬಳೆಯ ಮೇಲೆ ಉರುಳಿಸುವುದಷ್ಟೇ ನಿಮ್ಮ ಕೆಲಸ. ಬಟ್ಟೆಗೆ ಏನನ್ನಾದರೂ ಅಂಟಿಸುವ ಮೊದಲು ಪಾರ್ಲರಿನ ಮಾರ್ಕರನ್ನು (ಟೇಬಲ್ ನೋಡಿಕೊಳ್ಳುವವರನ್ನು) ಒಂದು ಮಾತು ಕೇಳಿ; ಬಟ್ಟೆಯ ಬೆಲೆ ಅವರಿಗೆ ಗೊತ್ತು. ಇಪ್ಪತ್ತು ಚೆಂಡು ಬಳೆಯೊಂದಿಗೆ, ಇಪ್ಪತ್ತು ಚೆಂಡು ಬಳೆಯನ್ನು ತೆಗೆದು, ಹೀಗೆ ಬದಲಾಯಿಸಿ ಹೊಡೆಯುತ್ತ ಹೋದರೆ ಕೆಲವೇ ದಿನಗಳಲ್ಲಿ ಬಳೆಯಿಲ್ಲದೆಯೂ ಆ ಜಾಗ ಕಣ್ಣಿಗೆ ಕಾಣತೊಡಗುತ್ತದೆ.

ತಾಕುವ ಬಿಂದುವಿಗೆ ಗುರಿಯಿಡುವ ತಪ್ಪು

ಹೊಸಬರು ಬಹುತೇಕ ಎಲ್ಲರೂ ಮಾಡುವ ತಪ್ಪು ಒಂದಿದೆ. ಗುರಿ ಚೆಂಡಿನ ಮೇಲೆ ಯಾವ ಬಿಂದುವನ್ನು ತಾಕಬೇಕೆಂಬುದನ್ನು ಸರಿಯಾಗಿ ಗುರುತಿಸುತ್ತಾರೆ, ಆಮೇಲೆ ಕ್ಯೂವನ್ನು ಆ ಬಿಂದುವಿನತ್ತಲೇ ತಿರುಗಿಸುತ್ತಾರೆ. ಬಿಳಿ ಚೆಂಡಿಗೂ ದಪ್ಪವಿದೆ, ಅದು ತನ್ನ ಮೂಗಿನಿಂದಲ್ಲ ಪಕ್ಕದಿಂದ ತಾಕುತ್ತದೆ ಎಂಬುದು ಮರೆತುಹೋಗುತ್ತದೆ. 30 ಡಿಗ್ರಿ ಕಟ್, ಅಂದರೆ ಗುರಿ ಚೆಂಡು ಬಿಳಿ ಚೆಂಡಿನ ದಾರಿಗೆ 30 ಡಿಗ್ರಿ ಓರೆಯಾಗಿ ಹೋಗುವ ಹೊಡೆತ, ಬೇಕಾದಲ್ಲಿ ತಾಕುವ ಬಿಂದು ಗುರಿ ಚೆಂಡಿನ ನಡುವಿನಿಂದ ಸುಮಾರು 14 ಮಿಲಿಮೀಟರ್ ಪಕ್ಕದಲ್ಲಿರುತ್ತದೆ. ಕ್ಯೂವನ್ನು ಅದಕ್ಕೇ ನೇರಗೊಳಿಸಿ ಹೊಡೆದರೆ ಸಿಗುವ ಕಟ್ ಸುಮಾರು 14.5 ಡಿಗ್ರಿ ಮಾತ್ರ. ಚೆಂಡು ಪಾಕೆಟ್ಟಿನ ಹತ್ತಿರವೂ ಸುಳಿಯದೆ ಕುಶನ್ನಿಗೆ ಹೋಗಿ ಬಡಿಯುತ್ತದೆ, ಪಕ್ಕದಲ್ಲಿ ನಿಂತವರು ‘ಥಿಕ್ ಆಯ್ತು’, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ನಡುವಿಗೆ ತಾಕಿತು, ಎನ್ನುತ್ತಾರೆ.

ಇದಕ್ಕೆ ಪರಿಹಾರವೂ ಆ ಲೆಕ್ಕದಲ್ಲಿಯೇ ಇದೆ. ಬಿಳಿ ಚೆಂಡಿನ ಹಿಂದೆ ನಿಂತು ನೋಡುವಾಗ, ಗುರಿ ಚೆಂಡಿನ ನಡುವಿನಿಂದ ತಾಕುವ ಬಿಂದು ಎಷ್ಟು ಪಕ್ಕದಲ್ಲಿದೆಯೋ ಅದರ ಎರಡರಷ್ಟು ದೂರಕ್ಕೆ ಕ್ಯೂವನ್ನು ಗುರಿಯಿಡಿ. 14 ಮಿಲಿಮೀಟರಿನ ಎರಡರಷ್ಟು 28, ಅಂದರೆ ಸರಿಯಾಗಿ ಚೆಂಡಿನ ಅಂಚು. ಎರಡು ಚೆಂಡುಗಳ ಗಾತ್ರ ಒಂದೇ ಆಗಿರುವುದರಿಂದ ಈ ‘ಎರಡರಷ್ಟು’ ಎಂಬ ನಿಯಮ ಎಲ್ಲ ಕಟ್‌ಗಳಿಗೂ ಹೊಂದುತ್ತದೆ. ಪದ್ಧತಿ ಎಂಬ ದೊಡ್ಡ ಹೆಸರು ಇದಕ್ಕಿಲ್ಲ, ಆದರೆ ನಾನು ಕಲಿಸಬೇಕಾಗಿ ಬಂದಾಗ ಮೊದಲು ಹೇಳಿಕೊಡುವುದು ಇದನ್ನೇ.

ನಾಲ್ಕು ಮೈಲಿಗಲ್ಲುಗಳು

ಮುಂದಿನ ಹಂತ ಭಿನ್ನರಾಶಿಯ ಪದ್ಧತಿ. ಬಿಳಿ ಚೆಂಡು ಗುರಿ ಚೆಂಡನ್ನು ಎಷ್ಟು ಭಾಗ ಮರೆಮಾಡಿದಂತೆ ತಾಕುತ್ತದೆ ಎಂಬುದರ ಮೇಲೆ ಹೊಡೆತಗಳಿಗೆ ಫುಲ್, ಮುಕ್ಕಾಲು, ಹಾಫ್, ಕ್ವಾರ್ಟರ್ ಎಂಬ ಹೆಸರುಗಳಿವೆ. ಫುಲ್ ಬಾಲ್ ಎಂದರೆ ಕಟ್ ಇಲ್ಲದ ನೇರ ಹೊಡೆತ. ಮುಕ್ಕಾಲು ಚೆಂಡಿಗೆ ಕ್ಯೂವಿನ ಗುರಿ ನಡುವಿಗೂ ಅಂಚಿಗೂ ಮಧ್ಯ, ಕಟ್ 14.5 ಡಿಗ್ರಿ. ಹಾಫ್ ಬಾಲ್‌ಗೆ ಗುರಿ ಅಂಚಿನ ಮೇಲೆಯೇ, ಕಟ್ 30 ಡಿಗ್ರಿ. ಕ್ವಾರ್ಟರ್ ಬಾಲ್‌ಗೆ ಗುರಿ ಅಂಚಿನಿಂದ ಕಾಲು ಚೆಂಡಿನಷ್ಟು ಹೊರಗೆ, ಕಟ್ ಸುಮಾರು 48.6 ಡಿಗ್ರಿ.

ಇವುಗಳಲ್ಲಿ ಹಾಫ್ ಬಾಲ್ ಒಂದನ್ನೇ ನಿದ್ದೆಯಲ್ಲೂ ಹೊಡೆಯುವಂತೆ ಕಲಿಯಿರಿ. ಏಕೆಂದರೆ ನಾಲ್ಕರಲ್ಲಿ ಕಣ್ಣಿಗೆ ನಿಜವಾಗಿ ಕಾಣುವ ಗುರುತು ಇರುವುದು ಅದಕ್ಕೆ ಮಾತ್ರ. ಚೆಂಡಿನ ಅಂಚು ಎಲ್ಲರಿಗೂ ಕಾಣುತ್ತದೆ, ಉಳಿದವೆಲ್ಲ ಅಂದಾಜು. ಬೆಂಗಳೂರಿನಲ್ಲಿ ಕ್ಯೂ ಹಿಡಿದವರಲ್ಲಿ ಅನೇಕರು ಪೂಲ್‌ಗೆ ಬಂದದ್ದು ಸ್ನೂಕರ್ ಮತ್ತು ಬಿಲಿಯರ್ಡ್ಸ್ ಕಡೆಯಿಂದ. ಈ ಎರಡೂ ಆಟಗಳಲ್ಲಿ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ, ಅರವಿಂದ್ ಸಾವೂರ್ ಅವರ ಕೈಕೆಳಗೆ ಪಳಗಿದ್ದು ಈ ಊರಿನಲ್ಲಿಯೇ. ಬಿಲಿಯರ್ಡ್ಸ್ ಕಲಿತವರಿಗೆ ಹಾಫ್ ಬಾಲ್ ಇನ್-ಆಫ್ (ಇನ್ನೊಂದು ಚೆಂಡಿಗೆ ತಾಕಿಸಿ ತನ್ನ ಚೆಂಡನ್ನೇ ಪಾಕೆಟ್ಟಿಗೆ ಹಾಕುವುದು) ಎಂಬುದು ಅಕ್ಷರಮಾಲೆಯ ಮೊದಲ ಅಕ್ಷರವಿದ್ದಂತೆ. ಉರುಳುತ್ತ ಬಂದ ಬಿಳಿ ಚೆಂಡು ಹಾಫ್ ಬಾಲ್ ತಾಕಿದರೆ ತನ್ನ ದಾರಿಯಿಂದ 30 ಡಿಗ್ರಿಗಿಂತ ತುಸು ಹೆಚ್ಚು ತಿರುಗುತ್ತದೆ. ತಾಕುವುದು ಸ್ವಲ್ಪ ಹೆಚ್ಚುಕಡಿಮೆಯಾದರೂ ಈ ತಿರುವು ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಗುರಿ ಚೆಂಡನ್ನು ಪಾಕೆಟ್ಟಿಗೆ ಹಾಕಿದ ಮೇಲೆ ಬಿಳಿ ಚೆಂಡು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನೂ ಈ ಹೊಡೆತದಲ್ಲಿ ಮುಂಚಿತವಾಗಿ ಹೇಳಬಹುದು.

ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್, ಪೂಲ್ ಚೆಂಡಿಗಿಂತ ಚಿಕ್ಕದು. ಆದರೂ ಹಾಫ್ ಬಾಲ್ ಎರಡೂ ಆಟಗಳಲ್ಲಿ 30 ಡಿಗ್ರಿಯೇ. ಟೇಬಲ್ ಬದಲಾದರೂ ಭಿನ್ನರಾಶಿ ಬದಲಾಗುವುದಿಲ್ಲ, ಕಣ್ಣಳತೆ ಬದಲಾಗುತ್ತದೆ. ಹತ್ತು ವರ್ಷ ಸ್ನೂಕರ್ ಆಡಿದವರು ಪೂಲ್ ಟೇಬಲ್ಲಿಗೆ ಬಂದ ಮೊದಲ ದಿನ ಸುಲಭದ ಕಟ್‌ಗಳನ್ನು ಬಿಡುವುದನ್ನು ನೋಡಿದ್ದೇನೆ.

ಒಂದು ಎಚ್ಚರಿಕೆ ಬೇಕು. ‘ಅರ್ಧ ಮರೆಮಾಡಿದಂತೆ’ ಎಂಬುದನ್ನು ಬಗ್ಗಿದಾಗ ಕಣ್ಣಿಗೆ ಕಾಣುವ ಚಿತ್ರವೆಂದು ತಿಳಿಯಬಾರದು. ಬಿಳಿ ಚೆಂಡು ನಿಮಗೆ ಹತ್ತಿರವಿರುವುದರಿಂದ ದೊಡ್ಡದಾಗಿ ಕಾಣುತ್ತದೆ, ಗುರಿ ಚೆಂಡು ದೂರವಿದ್ದಷ್ಟೂ ಚಿಕ್ಕದಾಗಿ ಕಾಣುತ್ತದೆ. ಹೀಗಾಗಿ ದೂರ ಬದಲಾದಂತೆ ಆ ಚಿತ್ರವೂ ಬದಲಾಗುತ್ತದೆ. ಎರಡು ಚೆಂಡುಗಳ ಚಿತ್ರವನ್ನು ಒಂದರ ಮೇಲೊಂದು ಜೋಡಿಸಲು ಹೋಗಬೇಡಿ. ಬಿಳಿ ಚೆಂಡಿನ ನಡುವಿನಿಂದ ಗುರಿ ಚೆಂಡಿನ ಅಂಚಿಗೆ ಒಂದು ರೇಖೆಯನ್ನು ಎಳೆದುಕೊಂಡರೆ ಸಾಕು.

ಮೈಲಿಗಲ್ಲುಗಳ ನಡುವಿನ ದಾರಿ

ಪದ್ಧತಿಯ ಮಿತಿ ಇಲ್ಲಿ ಕಾಣಿಸಿಕೊಳ್ಳುತ್ತದೆ. ಹಾಫ್ ಬಾಲ್‌ನಿಂದ ಕ್ವಾರ್ಟರ್ ಬಾಲ್‌ಗೆ ಗುರಿಯ ರೇಖೆ 14 ಮಿಲಿಮೀಟರಿನಷ್ಟು ಸರಿಯುತ್ತದೆ. ಪಾಕೆಟ್ 4 ಅಡಿ ದೂರವಿದ್ದಾಗ ನಮಗಿರುವ ರಿಯಾಯಿತಿ ಒಂದೊಂದು ಪಕ್ಕಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಎಂದರೆ ಆ ಎರಡು ಮೈಲಿಗಲ್ಲುಗಳ ನಡುವೆ ಕಡಿಮೆಯೆಂದರೂ ಆರು ಬೇರೆ ಬೇರೆ ಹೊಡೆತಗಳಿವೆ, ಮತ್ತು ಪದ್ಧತಿ ಅವುಗಳಿಗೆ ಹೆಸರನ್ನೇ ಇಟ್ಟಿಲ್ಲ. ಆ ಆರರಲ್ಲಿ ಯಾವುದೆಂದು ಆರಿಸುವವರು ಯಾರು? ಕಣ್ಣು, ಮತ್ತು ಹಿಂದೆ ಹೊಡೆದ ಹೊಡೆತಗಳ ನೆನಪು.

ಅಮೆರಿಕದಲ್ಲಿ ಹಾಲ್ ಹೌಲ್ ಎಂಬ ಶಿಕ್ಷಕರು ಹರಡಿದ, ಮುಂದೆ ಸ್ಟ್ಯಾನ್ ಷಫೆಟ್ ವಿಸ್ತರಿಸಿದ ಸೆಂಟರ್-ಟು-ಎಡ್ಜ್ ಪದ್ಧತಿಯ ಸುತ್ತಲಿನ ದೊಡ್ಡ ವಾದವೂ ಇದೇ. ಬಿಳಿ ಚೆಂಡಿನ ನಡುವಿನಿಂದ ಗುರಿ ಚೆಂಡಿನ ಅಂಚಿಗೆ ಒಂದು ರೇಖೆ, ಬಿಳಿ ಚೆಂಡಿನ ಅಂಚಿನಿಂದ ಗುರಿ ಚೆಂಡಿನ ಮೇಲಿನ ಒಂದು ಗುರುತಿಗೆ ಇನ್ನೊಂದು ರೇಖೆ, ಇವೆರಡೂ ಒಟ್ಟಿಗೆ ಕಾಣುವ ಜಾಗದಲ್ಲಿ ನಿಂತು, ಕ್ಯೂವನ್ನು ತುಸು ತಿರುಗಿಸಿ ಬಿಳಿ ಚೆಂಡಿನ ನಡುವಿಗೆ ತರುವುದು ಅದರ ಸಾರ. ಅದನ್ನು ನಂಬುವವರು ಇದರಲ್ಲಿ ಅಂದಾಜಿಗೆ ಎಡೆಯೇ ಇಲ್ಲ ಎನ್ನುತ್ತಾರೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಡೇವ್ ಅಲ್ಸಿಯಾಟೋರ್ ಅವರಂಥ ವಿಮರ್ಶಕರು, ಬೆರಳೆಣಿಕೆಯ ಗುರುತುಗಳಿಂದ ಎಲ್ಲ ಕೋನಗಳನ್ನೂ ಮುಟ್ಟಲಾಗದು, ನಡುವಿನದನ್ನು ಆಟಗಾರ ಅರಿವಿಲ್ಲದೆ ತಾನೇ ತುಂಬುತ್ತಾನೆ ಎನ್ನುತ್ತಾರೆ. ರೇಖಾಗಣಿತವನ್ನು ನೋಡಿದರೆ ನನಗೆ ವಿಮರ್ಶಕರ ಮಾತೇ ಸರಿಯೆನಿಸುತ್ತದೆ. ಆದರೂ ಆ ಪದ್ಧತಿಯನ್ನು ಹಿಡಿದವರಲ್ಲಿ ಹಲವರು ಚೆನ್ನಾಗಿ ಆಡುತ್ತಾರೆ. ಪ್ರತಿ ಹೊಡೆತಕ್ಕೂ ಒಂದೇ ಬಗೆಯಲ್ಲಿ ನಿಲ್ಲುವ, ಚೆಂಡನ್ನು ಗಮನವಿಟ್ಟು ನೋಡುವ ಶಿಸ್ತು ಅವರಿಗೆ ಬಂದಿರುತ್ತದೆ.

ಕಣ್ಣಳತೆಯ ಪಕ್ಷದವರು ಎಫ್ರೆನ್ ರೇಯೆಸ್ ಅವರ ಹೆಸರನ್ನು ಎತ್ತುತ್ತಾರೆ. ಫಿಲಿಪೀನ್ಸಿನ ಆ ಆಟಗಾರ ಬಾಲ್ಯವನ್ನು ಕಳೆದದ್ದು ಮನಿಲಾದಲ್ಲಿ ಸಂಬಂಧಿಕರ ಪೂಲ್ ಹಾಲ್‌ನಲ್ಲಿ. ಟೇಬಲ್ ಎಟುಕದ ವಯಸ್ಸಿನಲ್ಲಿ ತಂಪು ಪಾನೀಯದ ಪೆಟ್ಟಿಗೆಗಳ ಮೇಲೆ ನಿಂತು ಆಡಿದವರು, 1999ರಲ್ಲಿ ಕಾರ್ಡಿಫ್‌ನಲ್ಲಿ ಪೂಲ್‌ನ ಒಂದು ಬಗೆಯಾದ ನೈನ್-ಬಾಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಅವರ ಆಟದಲ್ಲಿ ಲೆಕ್ಕ ಕಾಣುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಇಪ್ಪತ್ತೈದರಲ್ಲಿ ಕ್ಯೂ ಹಿಡಿದು, ವಾರಕ್ಕೆ ಎರಡು ಸಂಜೆ ಗಂಟೆಗಿಷ್ಟೆಂದು ಟೇಬಲ್ ಬಾಡಿಗೆ ಕೊಟ್ಟು ಆಡುವವರಿಗೆ ಆ ಬಾಲ್ಯವನ್ನು ಎಲ್ಲಿಂದ ತರುವುದು? ಅಂಥವರಿಗೆ ಮೈಲಿಗಲ್ಲುಗಳು ಬೇಕೇ ಬೇಕು.

ಲೆಕ್ಕ ಸರಿಯಿದ್ದೂ ಥಿಕ್ ಆಗುವುದೇಕೆ

ಕಾಗದದ ಪಟ್ಟಿಯನ್ನಿಟ್ಟು, ಬಳೆಯ ಮೇಲೆಯೇ ಬಿಳಿ ಚೆಂಡನ್ನು ಕಳಿಸಿದರೂ ನಿಧಾನದ ಹೊಡೆತಗಳು ಥಿಕ್ ಆಗುತ್ತಿವೆ ಎಂದಾದರೆ ನಿಮ್ಮ ಕಣ್ಣನ್ನು ದೂರಬೇಡಿ. ಚೆಂಡುಗಳು ತಾಕುವಾಗ ಅವುಗಳ ನಡುವಿನ ಉಜ್ಜಾಟ ಗುರಿ ಚೆಂಡನ್ನು ಬಿಳಿ ಚೆಂಡು ಹೋಗುತ್ತಿದ್ದ ದಿಕ್ಕಿನತ್ತ ತುಸು ಎಳೆಯುತ್ತದೆ. ಇದಕ್ಕೆ ಥ್ರೋ ಎನ್ನುತ್ತಾರೆ. ಹಾಫ್ ಬಾಲ್‌ನ ಆಸುಪಾಸಿನ ಕಟ್‌ನಲ್ಲಿ, ಬಿಳಿ ಚೆಂಡು ಉರುಳದೆ ಜಾರುತ್ತ ಬಂದು ತಾಕುವ ನಿಧಾನದ ಸ್ಟನ್ ಹೊಡೆತದಲ್ಲಿ ಇದು ಮೂರು ನಾಲ್ಕು ಡಿಗ್ರಿಯ ತನಕವೂ ಹೋಗಬಹುದು, ನಮ್ಮ ರಿಯಾಯಿತಿಯಾದರೋ 1.3 ಡಿಗ್ರಿ. ಜೋರಾಗಿ ಹೊಡೆದಾಗ, ಬಿಳಿ ಚೆಂಡಿಗೆ ಫಾಲೋ (ಮುಂದಕ್ಕೆ ಉರುಳುವ ಸುತ್ತು) ಅಥವಾ ಸ್ಕ್ರೂ (ಹಿಂದಕ್ಕೆ ಎಳೆಯುವ ಸುತ್ತು) ಇದ್ದಾಗ ಥ್ರೋ ಕಡಿಮೆ. ಚೆಂಡುಗಳ ಮೇಲೆ ಚಾಕ್ ಪುಡಿಯೂ ಕೈಯ ಜಿಡ್ಡೂ ಕೂತಿದ್ದರೆ ಹೆಚ್ಚು.

ಹೀಗಾಗಿ ನಿಧಾನದ ಕಟ್‌ಗಳಲ್ಲಿ ಲೆಕ್ಕ ತೋರಿಸಿದ್ದಕ್ಕಿಂತ ಒಂದೆಳೆ ಥಿನ್ ಆಗಿ, ಅಂದರೆ ನಡುವಿನಿಂದ ಇನ್ನಷ್ಟು ಹೊರಕ್ಕೆ, ಗುರಿಯಿಡಬೇಕು. ಎಷ್ಟು ಎಂಬುದಕ್ಕೆ ಸೂತ್ರವಿಲ್ಲ; ಆ ದಿನದ ಬಟ್ಟೆ, ಆ ದಿನದ ಚೆಂಡು, ಆ ಹೊಡೆತದ ವೇಗ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ, ಅಡುಗೆಯವರು ಉಪ್ಪನ್ನು ಕೈಯಳತೆಯಲ್ಲಿ ಹಾಕುವ ಹಾಗೆ. ಸೈಡ್ ಹಾಕಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ: ಬಿಳಿ ಚೆಂಡು ಸೈಡ್ ಹಾಕಿದ್ದರ ವಿರುದ್ಧ ಪಕ್ಕಕ್ಕೆ ಮೊದಲು ಸಿಡಿದು, ಆಮೇಲೆ ಬಾಗಿ ಬರುತ್ತದೆ. ಮೊದಲ ಮೂರು ತಿಂಗಳು ಸೈಡ್ ಮುಟ್ಟಬೇಡಿ.

ನಿಂತು ಯೋಚಿಸಿ, ಬಗ್ಗಿದ ಮೇಲೆ ಹೊಡೆಯಿರಿ

ಇಷ್ಟನ್ನು ಕಲಿತ ಮೇಲೂ ಬಹಳ ಕಾಲ ನನ್ನ ಆಟ ಸುಧಾರಿಸಲಿಲ್ಲ. ಒಂದು ಸಂಜೆ, ಪಾರ್ಲರಿನ ಹಿರಿಯ ಮಾರ್ಕರ್ ಒಬ್ಬರು ಚೆಂಡುಗಳನ್ನು ತ್ರಿಕೋನದೊಳಕ್ಕೆ ಜೋಡಿಸುತ್ತ, ತಲೆಯೆತ್ತದೆಯೇ ಹೇಳಿದರು: ‘ಸಾರ್, ನೀವು ಬಗ್ಗಿದ ಮೇಲೆ ಲೆಕ್ಕ ಹಾಕ್ತೀರಿ. ಅದು ನಿಂತಾಗಲೇ ಮುಗೀಬೇಕು.’ ಅವರು ನನ್ನ ಕ್ಯೂವನ್ನಲ್ಲ, ಹಿಂಗಾಲನ್ನು ನೋಡುತ್ತಿದ್ದರು. ಬಗ್ಗಿದ ಮೇಲೆ ಗುರಿಯನ್ನು ತಿದ್ದುವಾಗ ಕಾಲು ಇದ್ದಲ್ಲಿಯೇ ಇರುತ್ತದೆ, ಕೈ ಮಾತ್ರ ಪಕ್ಕಕ್ಕೆ ವಾಲುತ್ತದೆ, ಕ್ಯೂ ಓರೆಯಾಗುತ್ತದೆ.

ಅಂದಿನಿಂದ ಪಾಲಿಸುತ್ತಿರುವ ಕ್ರಮವನ್ನು ಹಾಗೆಯೇ ಬರೆಯುತ್ತೇನೆ. ಮೊದಲು ಗುರಿ ಚೆಂಡಿನ ಹಿಂದೆ ಹೋಗಿ ನಿಂತು ಪಾಕೆಟ್ಟಿನ ರೇಖೆಯನ್ನು ನೋಡಿ. ಅನಂತರ ಬಿಳಿ ಚೆಂಡಿನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು, ಈ ಹೊಡೆತ ಯಾವ ಮೈಲಿಗಲ್ಲಿಗೆ ಹತ್ತಿರವಿದೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ: ‘ಹಾಫ್ ಬಾಲ್‌ಗಿಂತ ಒಂದೆಳೆ ಥಿನ್’ ಎಂದಷ್ಟೇ ಸಾಕು. ಆ ಮಾತಿನ ಮೊದಲ ಭಾಗ ಲೆಕ್ಕ, ಎರಡನೆಯ ಭಾಗ ಕಣ್ಣಳತೆ. ಗುರಿಯ ಬಿಂದುವಿನಿಂದ ಕಣ್ಣನ್ನು ಕೀಳದೆ, ಆ ರೇಖೆಯ ಮೇಲೆಯೇ ಹೆಜ್ಜೆಯಿಟ್ಟು ಬಗ್ಗಿ. ಬಗ್ಗಿದ ಮೇಲೆ ಏನೋ ಸರಿಯಿಲ್ಲ ಎನಿಸಿದರೆ ತಿದ್ದಬೇಡಿ. ಎದ್ದು, ಹಿಂದೆ ಸರಿದು, ಮತ್ತೆ ಮೊದಲಿನಿಂದ ಬನ್ನಿ. ಎದುರಾಳಿ ಗೊಣಗಬಹುದು, ಗೊಣಗಲಿ.

ಎರಡು ಮೂರು ಸಲ ಕ್ಯೂವನ್ನು ಆಡಿಸಿ, ತುದಿ ಬಿಳಿ ಚೆಂಡಿನ ನಡುವಿಗೆ ಬರುತ್ತಿದೆಯೇ ಎಂದು ನೋಡಿಕೊಂಡು, ಕೊನೆಗೆ ನೋಟವನ್ನು ಗುರಿಯ ಮೇಲೆ ನಿಲ್ಲಿಸಿ. ಹೊಡೆಯುವ ಮುನ್ನ ನೋಟ ಹೀಗೆ ಒಂದೆಡೆ ನೆಲೆಗೊಳ್ಳುವ ಹೊತ್ತಿಗೆ ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ ‘ಕ್ವಯಟ್ ಐ’ ಎಂಬ ಹೆಸರು ಕೊಟ್ಟರು. 2002ರಲ್ಲಿ ಪ್ರಕಟವಾದ, ಬಿಲಿಯರ್ಡ್ಸ್ ಆಟಗಾರರನ್ನೇ ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, ಪಳಗಿದವರ ನೋಟ ಹೊಸಬರ ನೋಟಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಕಂಡುಬಂತು. ಹೊಸಬರ ಕಣ್ಣು ಬಿಳಿ ಚೆಂಡು, ಗುರಿ ಚೆಂಡು, ಪಾಕೆಟ್ ಎಂದು ಕೊನೆಯ ಕ್ಷಣದ ತನಕ ಓಡಾಡುತ್ತಲೇ ಇರುವುದನ್ನು ಯಾವ ಪಾರ್ಲರಿನಲ್ಲಾದರೂ ನೋಡಬಹುದು.

ಕಣ್ಣಳತೆಯನ್ನು ಬೆಳೆಸುವ ಅಭ್ಯಾಸ

ಸುಮ್ಮನೆ ಹೊಡೆಯುತ್ತ ಹೋದರೆ ಕಣ್ಣಳತೆ ಬೆಳೆಯುವುದಿಲ್ಲ. ತಪ್ಪು ಯಾವ ಕಡೆಗೆ ಆಯಿತೆಂಬುದು ಮನಸ್ಸಿಗೆ ದಾಖಲಾಗಬೇಕು. ಒಂದೇ ಕಟ್ ಅನ್ನು ಒಂದೇ ಜಾಗದಿಂದ ಹತ್ತು ಸಲ ಹೊಡೆಯಿರಿ. ಜಾಗ ಬದಲಾಗದಂತೆ ಎರಡೂ ಚೆಂಡುಗಳ ಅಡಿಗೆ ಬಳೆಗಳಿರಲಿ. ಒಳಗೆ ಹೋಗದ ಪ್ರತಿ ಚೆಂಡಿಗೂ ಥಿಕ್ ಅಥವಾ ಥಿನ್ ಎಂದು ಫೋನಿನಲ್ಲೋ ಚೀಟಿಯಲ್ಲೋ ಗುರುತು ಹಾಕಿಕೊಳ್ಳಿ. ಹತ್ತರಲ್ಲಿ ಐದು ತಪ್ಪಿ ಐದೂ ಥಿಕ್ ಆಗಿದ್ದರೆ ನಿಮ್ಮ ಕೈ ಚೆನ್ನಾಗಿದೆ, ಗುರಿಯನ್ನು ತುಸು ಸರಿಸಬೇಕಷ್ಟೇ. ಎರಡು ಥಿಕ್, ಮೂರು ಥಿನ್ ಆಗಿದ್ದರೆ ಗುರಿಯನ್ನು ಮುಟ್ಟಬೇಡಿ, ಖಾಲಿ ಟೇಬಲ್ಲಿನ ಮೊದಲ ಪರೀಕ್ಷೆಗೆ ಹಿಂದಿರುಗಿ. ಪದ್ಧತಿ ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಕಂಡಿಲ್ಲ.

ಇನ್ನೊಂದು ಅಭ್ಯಾಸ ವಿಚಿತ್ರವೆನಿಸಬಹುದು. ಗುರಿ ಹಿಡಿದು, ಕ್ಯೂ ಆಡಿಸಿ, ಕೊನೆಯ ಹೊಡೆತಕ್ಕೆ ಮುನ್ನ ಕಣ್ಣು ಮುಚ್ಚಿ ಹೊಡೆಯಿರಿ. ಕಣ್ಣು ತೆರೆಯುವ ಮುನ್ನವೇ ಥಿಕ್ಕೋ ಥಿನ್ನೋ ಸರಿಯೋ ಎಂದು ಬಾಯಿಬಿಟ್ಟು ಹೇಳಿ. ಮೊದಲ ದಿನ ಊಹೆಗಳೆಲ್ಲ ಸುಳ್ಳಾಗುತ್ತವೆ. ನನಗೆ ಸುಮಾರು ಎರಡು ವಾರಗಳ ನಂತರ ಚೆಂಡು ತಾಕಿದ ಸದ್ದಿನಿಂದ ಮತ್ತು ಕೈಗೆ ತಿಳಿಯುವ ಅಲುಗಾಟದಿಂದಲೇ ತಪ್ಪು ಯಾವ ಕಡೆಯದೆಂದು ಗೊತ್ತಾಗತೊಡಗಿತು.

ಯಾವಾಗ ಯಾವುದನ್ನು ಹಿಡಿಯಬೇಕು

ಎರಡು ಚೆಂಡುಗಳೂ ಹತ್ತಿರವಿದ್ದು, ಪಾಕೆಟ್ಟೂ ಹತ್ತಿರವಿದ್ದರೆ ಲೆಕ್ಕ ಬೇಡ. ಕಣ್ಣು ಹೇಳಿದಲ್ಲಿ ಹೊಡೆಯಿರಿ, ಲೆಕ್ಕ ಹಾಕಿದರೆ ಅನುಮಾನ ಹುಟ್ಟುತ್ತದೆ. ಕುಶನ್ನಿಗೆ ಅಂಟಿದ ಚೆಂಡಿಗೂ, ಕ್ಯೂವಿನ ಹಿಂಬದಿಯನ್ನು ಎತ್ತಿ ಹೊಡೆಯಬೇಕಾದ ಕಡೆಯೂ ಲೆಕ್ಕಕ್ಕಿಂತ ರೂಢಿಯೇ ಮೇಲು. ಆದರೆ ಪಾಕೆಟ್ ನಿಮ್ಮ ಬೆನ್ನ ಕಡೆಗೋ ನೋಟದ ಅಂಚಿನಾಚೆಗೋ ಇರುವ ಕಟ್‌ಗಳಲ್ಲಿ ಕಣ್ಣು ಸುಳ್ಳು ಹೇಳುತ್ತದೆ. ಅಲ್ಲಿ ಎದ್ದು ಹೋಗಿ ಪಾಕೆಟ್ಟಿನ ರೇಖೆಯನ್ನು ಕಂಡು, ಎರಡರಷ್ಟು ದೂರದ ನಿಯಮವನ್ನು ಮನಸ್ಸಿನಲ್ಲಿ ಹಾಕಿಕೊಂಡೇ ಬನ್ನಿ. ಪಂದ್ಯದ ಕೊನೆಯ ಚೆಂಡಿಗೂ ಹಾಗೆಯೇ: ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ‘ಹಾಫ್ ಬಾಲ್’ ಎಂಬ ಒಂದು ಪದ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಕೊಡುತ್ತದೆ.

ಹೊಸ ಟೇಬಲ್ಲಿಗೆ ಹೋದಾಗ ಮೊದಲ ಹತ್ತು ನಿಮಿಷ ಆಟವನ್ನೇ ಶುರುಮಾಡಬೇಡಿ. ಒಂದು ಹಾಫ್ ಬಾಲ್ ಕಟ್ ಅನ್ನು ಇಟ್ಟುಕೊಂಡು, ಮೂರು ಸಲ ನಿಧಾನವಾಗಿ, ಎರಡು ಸಲ ಮಧ್ಯಮ ವೇಗದಲ್ಲಿ, ಅಂಚಿಗೇ ಗುರಿಯಿಟ್ಟು ಹೊಡೆದು ನೋಡಿ. ನಿಧಾನದ ಮೂರೂ ಥಿಕ್ ಆಗಿ, ಮಧ್ಯಮ ವೇಗದ ಎರಡೂ ಒಳಗೆ ಹೋದರೆ ಚೆಂಡುಗಳು ಕೊಳೆಯಾಗಿರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಕೊಡಲು ಮಾರ್ಕರಿಗೆ ಹೇಳಿ, ಆಮೇಲೆ ಚಾಕ್ ಹಚ್ಚಿ.